ಬಿಲ್ ನಂಬರ್ ಬಲ್ಲವರ ನಡುವೆ

ಜನವರಿಯ ಮೂರನೇ ಸೋಮವಾರ ಅಮೆರಿಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ನೆನಪಿನ ರಜೆ. ಶಾಲೆ ಇಲ್ಲ, ಬ್ಯಾಂಕ್ ಇಲ್ಲ, ಅಂಚೆ ಇಲ್ಲ. ಆದರೆ ವರ್ಜೀನಿಯಾ ರಾಜ್ಯದ ರಾಜಧಾನಿ ರಿಚ್ಮಂಡ್‌ನಲ್ಲಿ ಅವತ್ತೂ ಶಾಸನಸಭೆಯ ಅಧಿವೇಶನ ಇರುತ್ತದೆ. ಜನಕ್ಕೆ ಬಿಡುವು, ಶಾಸಕರಿಗೆ ಕೆಲಸ. ದುಡಿಯುವ ಮನುಷ್ಯ ಒಂದು ದಿನದ ಕೂಲಿ ಕಳೆದುಕೊಳ್ಳದೆ ತನ್ನ ಶಾಸಕನ ಕೋಣೆಯ ಬಾಗಿಲು ತಟ್ಟಲು ವರ್ಷದಲ್ಲಿ ಇಷ್ಟು ಅನುಕೂಲದ ದಿನ ಇನ್ನೊಂದಿಲ್ಲ. ಅದಕ್ಕೇ ಅಲ್ಲಿಯವರು ಇದನ್ನು ಲಾಬಿ ಡೇ ಎನ್ನುತ್ತಾರೆ. ನಾನಾ ಬೇಡಿಕೆಯ ಜನ ಬರುತ್ತಾರೆ. ಎಲ್ಲರಿಗಿಂತ ಹೆಚ್ಚು ಕಣ್ಣಿಗೆ ಬೀಳುವವರು ಬಂದೂಕಿನ ಹಕ್ಕಿನವರು.

2020ರ ಆ ಸೋಮವಾರ, ಜನವರಿ 20, ನಾನು ರಿಚ್ಮಂಡ್ ಹೊರವಲಯದ ಮಿಡ್ಲೋಥಿಯನ್‌ನಲ್ಲಿ ಅಕ್ಕನ ಮಗನ ಮನೆಯಲ್ಲಿದ್ದೆ. ಪತ್ರಿಕೆಯ ಕೆಲಸದಲ್ಲಿ ವಿಧಾನಸೌಧದ ಮೊಗಸಾಲೆಯಲ್ಲೇ ಚಪ್ಪಲಿ ಸವೆಸಿ ನಿವೃತ್ತನಾದವನು ನಾನು. ಇನ್ನೊಂದು ಶಾಸನಸಭೆ ಇಪ್ಪತ್ತು ಮೈಲಿಯೊಳಗೆ ಇದ್ದೂ ನೋಡದೆ ಇರುವುದು ಹೇಗೆ?

"ಮಾಮ, ಬೇರೆ ಯಾವತ್ತು ಬೇಕಾದ್ರೂ ಕರ್ಕೊಂಡು ಹೋಗ್ತೀನಿ. ಸೋಮವಾರ ಮಾತ್ರ ಬೇಡ" ಎಂದ ಹುಡುಗ.

ಅವನ ಅಂಜಿಕೆಗೆ ಕಾರಣವಿತ್ತು. ಗವರ್ನರ್ ರಾಲ್ಫ್ ನಾರ್ತಮ್ ತುರ್ತು ಪರಿಸ್ಥಿತಿ ಘೋಷಿಸಿ, ಕ್ಯಾಪಿಟಲ್ ಆವರಣಕ್ಕೆ ಯಾವ ಆಯುಧವನ್ನೂ ತರಬಾರದೆಂದು ಆಜ್ಞೆ ಹೊರಡಿಸಿದ್ದರು. ರಾಜ್ಯದ ಸುಪ್ರೀಂ ಕೋರ್ಟೂ ಅದನ್ನು ತಡೆಯಲು ಒಪ್ಪಿರಲಿಲ್ಲ. ಅದೇ ವಾರ ಎಫ್‌ಬಿಐನವರು ನವನಾಜಿ ಗುಂಪೊಂದರ ಮೂವರನ್ನು ಹಿಡಿದಿದ್ದರು. 2017ರ ಆಗಸ್ಟ್‌ನಲ್ಲಿ ಇದೇ ರಾಜ್ಯದ ಶಾರ್ಲಟ್ಸ್‌ವಿಲ್‌ನಲ್ಲಿ ಬಿಳಿ ಜನಾಂಗವಾದಿಗಳ ಮೆರವಣಿಗೆ ಹಿಂಸೆಗೆ ತಿರುಗಿದ್ದು ಯಾರಿಗೂ ಮರೆತಿರಲಿಲ್ಲ. ಇವನಿಗೆ ಇನ್ನೂ ಒಂದು ಕಾರಣ. ಇವನು ಎಂ.ಎಸ್. ಓದಿದ್ದು ವರ್ಜೀನಿಯಾ ಟೆಕ್‌ನಲ್ಲಿ. 2007ರ ಏಪ್ರಿಲ್ 16ರಂದು ಅಲ್ಲಿ ಒಬ್ಬ ವಿದ್ಯಾರ್ಥಿ 32 ಜನರನ್ನು ಗುಂಡಿಟ್ಟು ಕೊಂದ. ಸತ್ತವರಲ್ಲಿ ತಮಿಳುನಾಡಿನ ಗೋಬಿಚೆಟ್ಟಿಪಾಳ್ಯದ ಕಡೆಯಿಂದ ಹೋಗಿ ಜಲವಿಜ್ಞಾನ ಕಲಿಸುತ್ತಿದ್ದ ಪ್ರೊಫೆಸರ್ ಜಿ.ವಿ. ಲೋಗನಾಥನ್ ಇದ್ದರು, ಮುಂಬೈಯಿಂದ ಓದಲು ಹೋದ ಮಿನಲ್ ಪಾಂಚಾಲ್ ಇದ್ದಳು. ಇವನು ಸೇರಿದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ. ಆದರೂ ದಿನಾ ಕ್ಲಾಸಿಗೆ ಹೋಗುವ ದಾರಿಯಲ್ಲಿ ಆ ಹೆಸರು ಕೆತ್ತಿದ ಕಲ್ಲುಗಳನ್ನು ದಾಟಿಕೊಂಡೇ ಹೋಗಬೇಕಿತ್ತಂತೆ.

ಕೊನೆಗೆ ನನ್ನನ್ನು ಕರೆದುಕೊಂಡು ಹೋದವರು ಮನೆಯ ಹೀಟರ್ ರಿಪೇರಿಗೆ ಬಂದ ಮೆಕ್ಯಾನಿಕ್. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಪಕ್ಕದ ಪೌಹಟನ್ ಕೌಂಟಿಯಲ್ಲಿ ಮನೆ, ಒಂದಿಷ್ಟು ಜಮೀನು. ವ್ಯಾನಿನ ಡ್ಯಾಶ್‌ಬೋರ್ಡ್ ಮೇಲೆ ದುಂಡನೆಯ ಕಿತ್ತಳೆ ಸ್ಟಿಕ್ಕರ್, "ಬಂದೂಕು ಜೀವ ಉಳಿಸುತ್ತದೆ" ಎಂಬ ಒಕ್ಕಣೆ. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು, "ಬರ್ತೀರಾ? ಆದ್ರೆ ನಾನು ಮೆರವಣಿಗೆಗೆ ಹೋಗೋನಲ್ಲ, ಕೆಲಸಕ್ಕೆ ಹೋಗೋನು" ಅಂದರು. ಪ್ರತಿ ವರ್ಷ ವರ್ಜೀನಿಯಾ ಸಿಟಿಜನ್ಸ್ ಡಿಫೆನ್ಸ್ ಲೀಗ್ ಎಂಬ ಸಂಘದ ಜೊತೆ ಹೋಗುತ್ತಾರಂತೆ. ಬಂದೂಕು ಎಂದರೆ ನಮಗೆ ನೆನಪಾಗುವುದು ನ್ಯಾಷನಲ್ ರೈಫಲ್ ಅಸೋಸಿಯೇಷನ್. ಅದರ ಕೇಂದ್ರ ಕಚೇರಿ ಇದೇ ರಾಜ್ಯದ ಫೇರ್‌ಫ್ಯಾಕ್ಸ್‌ನಲ್ಲಿದೆ. ಈ ಲೀಗಿನವರ ಕಣ್ಣಿಗೆ ಅವರು ರಾಜಿ ಮಾಡಿಕೊಳ್ಳುವ ದೊಡ್ಡ ಮನುಷ್ಯರು. ಇವರು ಊರೂರಿನ ಕಾರ್ಯಕರ್ತರು. ಅಧ್ಯಕ್ಷ ಫಿಲಿಪ್ ವ್ಯಾನ್ ಕ್ಲೀವ್.

ಆ ವರ್ಷ ಅಷ್ಟು ಕಾವೇರಿದ್ದು ಯಾಕೆಂದು ಒಂದಿಷ್ಟು ಹೇಳಬೇಕು. 2019ರ ಮೇ 31ರಂದು ವರ್ಜೀನಿಯಾ ಬೀಚ್ ಎಂಬ ಊರಿನ ಸರ್ಕಾರಿ ಕಟ್ಟಡದಲ್ಲಿ ಒಬ್ಬ ನೌಕರ 12 ಜನರನ್ನು ಕೊಂದ. ಗವರ್ನರ್ ಜುಲೈ 9ಕ್ಕೆ ವಿಶೇಷ ಅಧಿವೇಶನ ಕರೆದರು. ಆಗ ಬಹುಮತವಿದ್ದ ರಿಪಬ್ಲಿಕನ್ನರು ಒಂದೂವರೆ ಗಂಟೆಯಲ್ಲಿ ಸದನ ಮುಂದೂಡಿ ಮನೆಗೆ ಹೋದರು. ನವೆಂಬರ್ ಚುನಾವಣೆಯಲ್ಲಿ ಜನ ಅದಕ್ಕೆ ಉತ್ತರ ಕೊಟ್ಟರೋ, ಬೇರೆ ಕಾರಣಗಳೂ ಇದ್ದವೋ, ಅಂತೂ ಎರಡೂ ಸದನ ಡೆಮಾಕ್ರಟರ ಕೈಗೆ ಬಂದವು: ಕೆಳಮನೆಯಲ್ಲಿ 55ಕ್ಕೆ 45, ಸೆನೆಟ್‌ನಲ್ಲಿ 21ಕ್ಕೆ 19. ಬಂದೂಕು ನಿಯಂತ್ರಣದ ಪರವಾದ ಎವ್ರಿಟೌನ್ ಸಂಸ್ಥೆ ಆ ಚುನಾವಣೆಗೆ ಸುಮಾರು 25 ಲಕ್ಷ ಡಾಲರ್ ಸುರಿದಿತ್ತು. ಗೆದ್ದವರು ಮಸೂದೆಗಳ ಕಟ್ಟನ್ನೇ ತಂದರು. ಪ್ರತಿ ಮಾರಾಟಕ್ಕೂ ಕೊಳ್ಳುವವನ ಪೂರ್ವಾಪರ ತಪಾಸಣೆ. ತಿಂಗಳಿಗೆ ಒಂದೇ ಕೈಬಂದೂಕು ಖರೀದಿ. ಅಪಾಯಕಾರಿ ಎಂದು ಕಂಡವನ ಬಂದೂಕನ್ನು ಕೋರ್ಟಿನ ಆದೇಶದ ಮೇಲೆ ತಾತ್ಕಾಲಿಕವಾಗಿ ಕಸಿಯುವ ‘ರೆಡ್ ಫ್ಲ್ಯಾಗ್’ ಕಾನೂನು. ಅಸಾಲ್ಟ್ ವೆಪನ್ ಎನ್ನುವ ಯುದ್ಧಮಾದರಿಯ ರೈಫಲ್‌ಗಳಿಗೆ ತಡೆ. ತಿಂಗಳಿಗೊಂದರ ನಿಯಮ ಹೊಸದೇನಲ್ಲ. ಡಗ್ಲಸ್ ವೈಲ್ಡರ್ ಗವರ್ನರ್ ಆಗಿದ್ದಾಗ 1993ರಲ್ಲಿ ಬಂದು, 2012ರಲ್ಲಿ ರದ್ದಾಗಿತ್ತು. ಈಗ ಮತ್ತೆ ಬರುತ್ತಿತ್ತು.

ಹಳ್ಳಿಗಾಡು ಭುಗಿಲೆದ್ದಿತು. ನೂರಕ್ಕೂ ಹೆಚ್ಚು ಕೌಂಟಿ, ನಗರ, ಪಟ್ಟಣಗಳ ಮಂಡಳಿಗಳು ತಮ್ಮನ್ನು "ಎರಡನೇ ತಿದ್ದುಪಡಿಯ ಅಭಯಧಾಮ" ಎಂದು ಘೋಷಿಸಿಕೊಂಡವು. ಅಂದರೆ 1791ರಿಂದ ಅಮೆರಿಕದ ಸಂವಿಧಾನದಲ್ಲಿರುವ ಆಯುಧದ ಹಕ್ಕಿಗೆ ವಿರುದ್ಧವಾದ ಕಾನೂನು ನಮ್ಮಲ್ಲಿ ನಡೆಯದು ಎಂದು. ಇಂಥ ಠರಾವಿಗೆ ಕಾನೂನಿನ ಬಲವಿಲ್ಲ ಎಂದು ರಾಜ್ಯದ ಅಟಾರ್ನಿ ಜನರಲ್ ಹೇಳಿಯೂ ಆಗಿತ್ತು. ನಮ್ಮ ಗ್ರಾಮಸಭೆಯ ಠರಾವಿನಿಂದ ಕೇಂದ್ರದ ಕಾಯ್ದೆ ನಿಲ್ಲುತ್ತದೆಯೇ? ಆದರೂ ಚಳಿಗಾಲದ ರಾತ್ರಿಗಳಲ್ಲಿ ಕೌಂಟಿ ಸಭಾಂಗಣಗಳು ತುಂಬಿ, ಜನ ಹೊರಗೆ ಪಾರ್ಕಿಂಗ್ ಜಾಗದಲ್ಲಿ ನಿಂತು ಕೇಳಿದ್ದರು.

ಬೆಳಗಾಗುವ ಮೊದಲೇ ಹೊರಟೆವು. ನೀರು ಹೆಪ್ಪುಗಟ್ಟುವ ಚಳಿ. ಮೆಕ್ಯಾನಿಕ್ ತಮ್ಮ ಪಿಸ್ತೂಲನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಬೀದಿಗಿಳಿದರೆ ಎಲ್ಲೆಲ್ಲೂ ಬಂದೂಕು. ಆವರಣದ ಕಬ್ಬಿಣದ ಬೇಲಿಯೊಳಗೆ ನಿಷೇಧ, ಬೇಲಿಯ ಹೊರಗೆ ರಸ್ತೆಯಲ್ಲಿ ಅಡ್ಡಿಯಿಲ್ಲ. ಮಿಲಿಟರಿ ಬಟ್ಟೆ ತೊಟ್ಟು ಎದೆಗೆ ಅಡ್ಡಲಾಗಿ ರೈಫಲ್ ತೂಗಿಸಿಕೊಂಡವರು, ಹೆಂಡತಿ ಮಕ್ಕಳೊಂದಿಗೆ ಬಂದವರು, ಹಳದಿ ಬಟ್ಟೆಯ ಮೇಲೆ ಸುರುಳಿ ಸುತ್ತಿದ ಹಾವಿನ ಬಾವುಟ ಹಿಡಿದವರು. ಕಪ್ಪು ಜನರೂ ಇದ್ದರು. 1956ರಲ್ಲಿ ಕಿಂಗ್ ಅವರೇ ಪಿಸ್ತೂಲು ಇಟ್ಟುಕೊಳ್ಳಲು ಪರವಾನಗಿ ಕೇಳಿದ್ದರು, ಅಲಬಾಮಾದ ಅಧಿಕಾರಿಗಳು ಕೊಡಲಿಲ್ಲ ಎಂದು ಒಬ್ಬರು ನನಗೆ ಹೇಳಿದರು. ಅದು ನಿಜವೇ. ಅದೇ ಕಿಂಗ್ 1968ರಲ್ಲಿ ಸತ್ತದ್ದು ರೈಫಲ್ಲಿನ ಗುಂಡಿಗೆ ಎಂಬುದೂ ನಿಜ. ಅದನ್ನು ನಾನು ಹೇಳಲು ಹೋಗಲಿಲ್ಲ. ಎದುರಿಗಿದ್ದವರ ಹೆಗಲಲ್ಲಿ ಎಆರ್-15 ನೇತಾಡುತ್ತಿರುವಾಗ ವಾದಕ್ಕೆ ನಾಲಿಗೆ ಏಳುವುದಿಲ್ಲ.

ಇದೇ ನನ್ನನ್ನು ಇವತ್ತಿಗೂ ಕಾಡುವ ಸಂಗತಿ. ಅವತ್ತು ಅಲ್ಲಿ ಒಂದು ಕಲ್ಲೂ ಬೀಳಲಿಲ್ಲ. ಪೊಲೀಸರ ಅಂದಾಜಿನಲ್ಲಿ ಸೇರಿದ್ದವರು 22,000. ಬೇಲಿಯೊಳಗೆ ಲೋಹಶೋಧಕ ದಾಟಿ ಬಂದವರು 6,000, ಹೊರಗೆ ನಿಂತವರು 16,000. ಸಭೆ ಮುಗಿದ ಮೇಲೆ ಕಸ ಹೆಕ್ಕಿ ಚೀಲಕ್ಕೆ ತುಂಬಿದವರನ್ನೂ ನೋಡಿದೆ. ಬಂಧನ ಆದದ್ದು ಒಂದೇ ಒಂದು. ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದ ಒಬ್ಬ ಯುವತಿಯನ್ನು ಹಿಡಿದರು, ಮುಖ ಮರೆಸಿಕೊಂಡು ಓಡಾಡುವುದು ಅಲ್ಲಿ ಅಪರಾಧ. (ಎರಡೇ ತಿಂಗಳಿಗೆ ಇಡೀ ಲೋಕವೇ ಮುಖಕ್ಕೆ ಬಟ್ಟೆ ಕಟ್ಟಿಕೊಂಡಿತೆನ್ನಿ.) ಇಷ್ಟು ಶಾಂತಿಯ ಸಭೆಯನ್ನು ಬೆಂಗಳೂರಿನಲ್ಲಿ ನಾನು ಕಂಡದ್ದು ಕಡಿಮೆ. ಆದರೆ ಅದೇ ದಿನ ಮಧ್ಯಾಹ್ನ, ಗುಂಡೇಟಿಗೆ ಸತ್ತವರ ನೆನಪಿನಲ್ಲಿ ಪ್ರತಿ ವರ್ಷ ಅಲ್ಲೇ ಸೇರುತ್ತಿದ್ದ ಜನ ಆ ವರ್ಷ ತಮ್ಮ ಕಾರ್ಯಕ್ರಮವನ್ನೇ ರದ್ದು ಮಾಡಿದ್ದರು. ಯಾರೂ ಅವರನ್ನು ತಡೆದಿರಲಿಲ್ಲ. ಬೀದಿಯಲ್ಲಿ ಅಷ್ಟು ರೈಫಲ್ ಇರುವಾಗ ಮಕ್ಕಳನ್ನು ಕಳೆದುಕೊಂಡ ತಾಯಂದಿರು ಬರುವುದಾದರೂ ಹೇಗೆ? ಅಹವಾಲು ಹೇಳುವುದಕ್ಕೂ ಹೆದರಿಸುವುದಕ್ಕೂ ನಡುವೆ ಗೆರೆ ಎಲ್ಲಿದೆ ಎಂದು ಕೇಳಿದರೆ, ಎದುರು ಪಕ್ಷದವರು ಬರಲಾಗದಂತೆ ಆದಾಗ ಆ ಗೆರೆ ದಾಟಿದ ಹಾಗೆ ಎಂದೇ ನನ್ನ ಲೆಕ್ಕ. ಯಾರೋ ಒಂದು ನಕಲಿ ಗಿಲೊಟಿನ್ ಮಾಡಿಕೊಂಡು ಬಂದಿದ್ದರು, ದ್ರೋಹಿಗಳ ತಲೆ ಕಡಿಯುವ ಯಂತ್ರ. ಮೆಕ್ಯಾನಿಕ್ ಅದನ್ನು ನೋಡಿ ಮುಖ ತಿರುಗಿಸಿದರು. "ಒಂದು ವರ್ಷದ ಕೆಲಸ ಹಾಳು ಮಾಡೋಕೆ ಇಂಥವನೊಬ್ಬ ಸಾಕು."

ಗುಡ್ಡದ ಮೇಲೆ ಬಿಳಿ ಕಂಬಗಳ ಕ್ಯಾಪಿಟಲ್. ಫ್ರಾನ್ಸಿನ ನೀಮ್ ಊರಿನ ರೋಮನ್ ದೇಗುಲವನ್ನು ಮಾದರಿಯಾಗಿಟ್ಟು ಥಾಮಸ್ ಜೆಫರ್ಸನ್ ರೂಪಿಸಿದ ಕಟ್ಟಡ. ಶಾಸನಸಭೆಯ ಹುಟ್ಟು ಅದಕ್ಕೂ ಹಿಂದಿನದು, 1619ರದು. ಆದರೆ ಮೆಕ್ಯಾನಿಕ್‌ಗೆ ಕಟ್ಟಡ ತೋರಿಸುವ ಉಮೇದು ಇರಲಿಲ್ಲ. ಸೀದಾ ಕೆಳಗಿನ ಮೇನ್ ಸ್ಟ್ರೀಟ್‌ಗೆ, ಆಗ ಶಾಸಕರ ಕಚೇರಿಗಳಿದ್ದ ಪೊಕಹಾಂಟಸ್ ಕಟ್ಟಡಕ್ಕೆ ನಡೆದರು. ಅಲ್ಲಿಯೂ ಲೋಹಶೋಧಕ, ಅಲ್ಲಿಯೂ ಉದ್ದನೆಯ ಸಾಲು. ಒಳಗೆ ನಾಲ್ಕೈದು ಜನರ ತಂಡಗಳು. ಪ್ರತಿ ತಂಡಕ್ಕೆ ಒಬ್ಬ ಮುಂದಾಳು. ಕೈಯಲ್ಲಿ ಕೋಣೆ ನಂಬರುಗಳ ಪಟ್ಟಿ ಮತ್ತು ಮಸೂದೆಗಳ ಒಂದು ಹಾಳೆಯ ಸಾರಾಂಶ.

ಮೊದಲು ಹೋದದ್ದು ಅವರದೇ ಕಡೆಯ ಒಬ್ಬ ಶಾಸಕರ ಕೋಣೆಗೆ. ಕಾಫಿ, ಹುರಿದ ಕಡಲೆಕಾಯಿ, ಬೆನ್ನು ತಟ್ಟಿಸಿಕೊಳ್ಳುವುದು. ಮೆಕ್ಯಾನಿಕ್ ಎರಡೇ ನಿಮಿಷಕ್ಕೆ ಎದ್ದರು. "ಇಲ್ಲಿ ಕೂತ್ರೆ ಹೊತ್ತು ದಂಡ." ಖಡಾಖಂಡಿತ ವಿರೋಧಿಗಳ ಕೋಣೆಗಳಲ್ಲಿ ಹಾಳೆ ಕೊಟ್ಟು, ಥ್ಯಾಂಕ್ಸ್ ಹೇಳಿ ಹೊರಟರು. ಅವರ ಪಟ್ಟಿಯಲ್ಲಿ ಕೆಲವು ಹೆಸರುಗಳಿಗೆ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿತ್ತು. ಬಹುಮತದ ಪಕ್ಷದಲ್ಲಿದ್ದೂ ಬಂದೂಕಿನ ವಿಷಯದಲ್ಲಿ ಹಿಂದೆ ಮುಂದೆ ನೋಡುವ ಸೆನೆಟರ್‌ಗಳು. ಸೆನೆಟ್‌ನಲ್ಲಿ 21ಕ್ಕೆ 19. ಇಬ್ಬರು ಆಚೆ ಸರಿದರೆ ಮಸೂದೆ ಬಿತ್ತು. ಬೀದಿಯಲ್ಲಿ ಅಷ್ಟು ಸಾವಿರ ಜನ ಕೂಗುತ್ತಿದ್ದುದು ಈ ನಾಲ್ಕೈದು ಸುತ್ತುಗಳಿಗಾಗಿ.

ಅಂಥ ಒಂದು ಕೋಣೆ. ಸೆನೆಟರ್ ಇರಲಿಲ್ಲ, ಇದ್ದದ್ದು ಒಬ್ಬ ಸಹಾಯಕ, ಇಪ್ಪತ್ತೈದರ ಹುಡುಗ, ಟೈ ಸಡಿಲವಾಗಿತ್ತು. ಮುಂದೆ ಒಂದು ರಿಜಿಸ್ಟರ್. ಮೊದಲ ಪ್ರಶ್ನೆ ಬೇಡಿಕೆ ಏನೆಂದಲ್ಲ. ಹೆಸರು, ವಿಳಾಸ, ಜಿಪ್ ಕೋಡ್. ತಂಡದಲ್ಲಿ ಆ ಕ್ಷೇತ್ರದ ಒಬ್ಬ ರೈತರಿದ್ದರು. ಮೆಕ್ಯಾನಿಕ್ ಅವರನ್ನೇ ಮುಂದೆ ಬಿಟ್ಟು ತಾವು ಗೋಡೆಗೆ ಒರಗಿ ನಿಂತರು. ರೈತ ಹೇಳಿದ್ದು ಇಷ್ಟೇ: ಎಸ್‌ಬಿ 240, ರೆಡ್ ಫ್ಲ್ಯಾಗ್. ಮನುಷ್ಯನನ್ನು ಕರೆದು ಕೇಳುವ ಮೊದಲೇ ಆದೇಶ ಆಗುತ್ತದೆ, ಬಂದೂಕು ಹೋದ ಮೇಲೆ ವಿಚಾರಣೆ, ಇದು ತಲೆಕೆಳಗು. ಹುಡುಗ ಮಸೂದೆಯ ಪ್ರತಿ ತೆರೆದ. ತುರ್ತು ಆದೇಶಕ್ಕೆ ಹದಿನಾಲ್ಕು ದಿನಗಳ ಮಿತಿ ಇದೆ, ಅಷ್ಟರೊಳಗೆ ವಿಚಾರಣೆ ಆಗಲೇಬೇಕು. ಅರ್ಜಿ ಹಾಕಲು ಪೊಲೀಸ್ ಅಥವಾ ಸರ್ಕಾರಿ ವಕೀಲರಿಗೆ ಮಾತ್ರ ಅವಕಾಶ, ಜಗಳವಾಡಿದ ಹೆಂಡತಿಗೋ ಪಕ್ಕದ ಮನೆಯವನಿಗೋ ಇಲ್ಲ ಎಂದ. "ಆ ಹದಿನಾಲ್ಕು ದಿನ ನನ್ನ ಮೇಲೆ ತಪ್ಪಿಲ್ಲ ಅಂತ ತೋರಿಸೋ ವಕೀಲನಿಗೆ ದುಡ್ಡು ಯಾರು ಕೊಡ್ತಾರೆ?" ಎಂದು ರೈತ ಕೇಳಿದರು. ಹುಡುಗ ಒಂದು ಕ್ಷಣ ಸುಮ್ಮನಿದ್ದು, ಅದನ್ನು ಬರೆದುಕೊಂಡ. ಬರೀ "ವಿರೋಧ" ಎಂದು ಗುರುತು ಹಾಕಿದ್ದಲ್ಲ, ವಕೀಲರ ಖರ್ಚಿನ ಮಾತನ್ನು ಬರೆದುಕೊಂಡ. ಲಿಫ್ಟಿಗೆ ಕಾದಷ್ಟು ಹೊತ್ತೂ ಆಗಿರಲಿಲ್ಲ, ಹೊರಗೆ ಬಂದೆವು.

"ಹೊರಗಡೆ ಎಷ್ಟು ಸಾವಿರ ಅನ್ನೋದು ಪೇಪರಿನವರಿಗೆ. ಒಳಗಡೆ ನಡೆಯೋದು ಜಿಪ್ ಕೋಡ್ ಲೆಕ್ಕ" ಅಂದರು ಮೆಕ್ಯಾನಿಕ್. ಪೇಪರಿನವನಾದ ನನಗೆ ಅದು ನಾಟಿತು.

ಕಾರಿಡಾರಿನಲ್ಲಿ ನಿದ್ದೆಗಣ್ಣಿನ ಹೈಸ್ಕೂಲು, ಕಾಲೇಜು ಮಕ್ಕಳ ಒಂದು ಗುಂಪು. ಇವರು ಎದುರು ಪಕ್ಷ. ಬೆಳಿಗ್ಗೆ ಆ ಜನಸಾಗರದೊಳಗೆ ನುಗ್ಗಿ ಬರುವುದು ಆಗದೆಂದು ಹಿಂದಿನ ರಾತ್ರಿಯೇ ಬಂದು, ಡ್ಯಾನ್ ಹೆಲ್ಮರ್, ಕ್ರಿಸ್ ಹರ್ಸ್ಟ್ ಎಂಬ ಇಬ್ಬರು ಡೆಲಿಗೇಟ್‌ಗಳ, ಅಂದರೆ ಕೆಳಮನೆಯ ಸದಸ್ಯರ, ಕಚೇರಿಯ ನೆಲದ ಮೇಲೆ ಮಲಗಿದ್ದರಂತೆ. ಹರ್ಸ್ಟ್ ಮೊದಲು ಟಿವಿ ವಾರ್ತಾವಾಚಕ. ಅವರ ಗೆಳತಿ ಅಲಿಸನ್ ಪಾರ್ಕರ್ ಎಂಬ ವರದಿಗಾರ್ತಿಯನ್ನು 2015ರಲ್ಲಿ ನೇರ ಪ್ರಸಾರ ನಡೆಯುತ್ತಿರುವಾಗಲೇ ಕೊಂದಿದ್ದರು. ಮಕ್ಕಳ ಕೈಯಲ್ಲೂ ಕೋಣೆ ನಂಬರುಗಳ ಪಟ್ಟಿ, ಮಸೂದೆ ನಂಬರುಗಳ ಪಟ್ಟಿ. ಎರಡೂ ಗುಂಪಿನವರು ಒಂದೇ ಲಿಫ್ಟಿಗೆ ಕಾದು ನಿಂತರು. ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಟ್ಟರು. ಮಾತಿಲ್ಲ.

ಮಧ್ಯಾಹ್ನ ವ್ಯಾನಿನಲ್ಲಿ ಕೂತು ಸ್ಯಾಂಡ್‌ವಿಚ್ ತಿನ್ನುವಾಗ ಮೆಕ್ಯಾನಿಕ್ ಕೇಳಿದರು, ನಿಮ್ಮ ಊರಲ್ಲಿ ಬಂದೂಕು ಇಟ್ಟುಕೊಳ್ಳಲು ಬಿಡುತ್ತಾರೆಯೇ ಎಂದು. ನಾನು ಕೊಡಗಿನ ಕಥೆ ಹೇಳಿದೆ. ದೇಶಕ್ಕೆಲ್ಲ ಲೈಸೆನ್ಸ್ ಕಡ್ಡಾಯವಾದರೂ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದದ್ದು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಮುಡಿಸಿ ಪೂಜೆ ಮಾಡುತ್ತಾರೆ ಎಂದೆ. ಅವರ ಕಣ್ಣು ಅರಳಿತು. ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ ಈಚೆಗೆ, 2019ರ ಅಕ್ಟೋಬರ್‌ನಲ್ಲಿ, ಹತ್ತು ವರ್ಷಕ್ಕೆ ಮುಂದುವರಿಸಿದೆ ಎಂದಾಗ ಕಣ್ಣು ಮತ್ತೆ ಸಣ್ಣದಾಯಿತು. "ಹತ್ತು ವರ್ಷಕ್ಕೆ? ಆಮೇಲೆ ಮತ್ತೆ ಕೇಳ್ಬೇಕಾ? ಹಾಗಾದ್ರೆ ಅದು ಹಕ್ಕಲ್ಲ, ಲೀಸು." (ಆ ವಿನಾಯಿತಿಯನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ವಜಾ ಮಾಡಿತು. ಆದರೆ ಮೆಕ್ಯಾನಿಕ್‌ರ ಪ್ರಶ್ನೆ 2029ಕ್ಕೆ ಹೇಗೂ ಎದುರಾಗುತ್ತದೆ.) ಮಲೆನಾಡಿನ ಅಡಿಕೆ ಬೆಳೆಗಾರರು ಮಂಗ, ಹಂದಿಗೆ ಹೆದರಿ ಲೈಸೆನ್ಸ್ ಕೋವಿ ಇಟ್ಟುಕೊಂಡಿರುತ್ತಾರೆ, ಚುನಾವಣೆ ಘೋಷಣೆ ಆದ ಕೂಡಲೇ ಠಾಣೆಗೆ ಒಯ್ದು ಒಪ್ಪಿಸಬೇಕು, ಫಲಿತಾಂಶದ ಮೇಲೆ ವಾಪಸ್ ಎಂದೂ ಹೇಳಿದೆ. ಅವರು ಸ್ಯಾಂಡ್‌ವಿಚ್ ಕೆಳಗಿಟ್ಟರು. ಮತ ಹಾಕುವ ಹೊತ್ತಿಗೆ ಸರ್ಕಾರವೇ ಜನರ ಕೈಯಿಂದ ಬಂದೂಕು ಇಸಿದುಕೊಳ್ಳುತ್ತದೆ, ಜನ ಕೊಟ್ಟುಬಿಡುತ್ತಾರೆ ಎಂಬುದು ಅವರಿಗೆ ಎಷ್ಟು ವಿಚಿತ್ರವೋ, ಶಾಸನಸಭೆಯ ಮುಂದೆ ಬಂದೂಕು ಹಿಡಿದು ನಿಲ್ಲುವುದು ನನಗೆ ಅಷ್ಟೇ ವಿಚಿತ್ರ.

ಬಂದೂಕಿನ ವಿಷಯದಲ್ಲಿ ನಾನು ಅವರ ಪಕ್ಷವಲ್ಲ. ಅಂಗಡಿಯಲ್ಲಿ ಕೊಳ್ಳುವವನ ಪೂರ್ವಾಪರ ನೋಡುವುದರಲ್ಲಿ ಏನು ತಪ್ಪು ಎಂದು ನನಗೆ ಅವತ್ತೂ ತಿಳಿಯಲಿಲ್ಲ, ಇವತ್ತೂ ತಿಳಿದಿಲ್ಲ. ಆದರೆ ಒಬ್ಬ ಹೀಟರ್ ಮೆಕ್ಯಾನಿಕ್ ಮಸೂದೆಯ ನಂಬರ್ ಹೇಳಿ, ಅದು ಯಾವ ಸಮಿತಿಯಲ್ಲಿದೆ, ಯಾವ ಗುರುವಾರ ಯಾವ ಕೋಣೆಯಲ್ಲಿ ಬರುತ್ತದೆ ಎಂದು ಹೇಳುವುದನ್ನು ಕೇಳಿ ಹೊಟ್ಟೆಕಿಚ್ಚಾಯಿತು. ವಿಧಾನಸೌಧಕ್ಕೆ ಬರುವ ಜನ ಕಡಿಮೆಯೇ? ಬೆಳಗಾದರೆ ಪಾಸ್ ಕೌಂಟರಿನಲ್ಲಿ ಸಾಲು. ಬರುವುದು ವರ್ಗಾವಣೆಗೆ, ಸೈಟಿಗೆ, ಆಸ್ಪತ್ರೆ ಬಿಲ್ಲಿಗೆ, ಮಗನ ಕೆಲಸಕ್ಕೆ. "ಸರ್ಕಾರದ ಕೆಲಸ ದೇವರ ಕೆಲಸ" ಎಂದು ಬರೆದ ಕಟ್ಟಡದಲ್ಲಿ ಹರಕೆ ಹೊತ್ತವರ ಹಾಗೆ ಕಾಯುತ್ತಾರೆ. ಒಂದು ಮಸೂದೆಯ ಮೂರನೇ ಕಲಂ ಸರಿಯಿಲ್ಲ ಎಂದು ಹೇಳಲು ಬಂದ ಸಾಮಾನ್ಯ ಮನುಷ್ಯನನ್ನು ಅಷ್ಟು ವರ್ಷ ಅಲ್ಲಿದ್ದ ನಾನು ಕಂಡಿಲ್ಲ. ಬಂದರೂ ಯಾರಿಗೆ ಹೇಳಬೇಕು? ಮಸೂದೆ ಮಂಡನೆಯಾದದ್ದು ನಿನ್ನೆ. ಇವತ್ತು ಬಾವಿಗಿಳಿದವರ ಗದ್ದಲದಲ್ಲಿ ಧ್ವನಿಮತದ ಅಂಗೀಕಾರ. ನಮಗೇ ಪ್ರತಿ ಸಿಗುವಾಗ ಸಂಜೆ. ಬೆಳಗಾವಿಯ ಸುವರ್ಣಸೌಧದ ಅಧಿವೇಶನದಲ್ಲಿ ಸಂಘಟನೆಗಳು ಪೆಂಡಾಲ್ ಹಾಕಿ ಧರಣಿ ಕೂರುತ್ತವೆ. ಸಂಜೆ ಒಬ್ಬ ಮಂತ್ರಿ ಬಂದು ಮನವಿ ಪತ್ರ ಇಸಿದುಕೊಂಡು ಫೋಟೋಗೆ ನಿಂತು ಹೋಗುತ್ತಾರೆ. ಆ ಪತ್ರದ ಗತಿ ಏನಾಯಿತೆಂದು ನಾವೂ ಬೆನ್ನು ಹತ್ತಿ ಬರೆದದ್ದು ಅಪರೂಪ.

ಹಾಗೆಂದು ರಿಚ್ಮಂಡ್‌ನಲ್ಲಿ ಬಂದ 22,000 ಜನರಿಗೆಲ್ಲ ಮಸೂದೆಯ ಜಾತಕ ಗೊತ್ತಿತ್ತೆಂದಲ್ಲ. ಬೀದಿಯಲ್ಲಿ ಹೆಚ್ಚು ಬೈಗುಳ ತಿಂದದ್ದು ಎಸ್‌ಬಿ 16, ಸೆನೆಟ್‌ನ ಬಹುಮತದ ನಾಯಕ ಡಿಕ್ ಸಾಸ್ಲಾ ಅವರ ಅಸಾಲ್ಟ್ ವೆಪನ್ ಮಸೂದೆ. ಅದನ್ನು ಸಾಸ್ಲಾ ಅವರೇ ಒಂದು ವಾರದ ಹಿಂದೆ, ಜನವರಿ 13ರಂದು, ಸಮಿತಿಯಲ್ಲಿ ಹಿಂದಕ್ಕೆ ಪಡೆದಾಗಿತ್ತು. ಸತ್ತ ಮಸೂದೆಯ ವಿರುದ್ಧ ಅಷ್ಟು ಬಾವುಟ! ಇನ್ನೊಂದು ಕಡೆ, ತಿಂಗಳಿಗೊಂದು ಕೈಬಂದೂಕಿನ ಮಸೂದೆ ಸೇರಿ ಮೂರು ಮಸೂದೆಗಳನ್ನು ಸೆನೆಟ್ ಜನವರಿ 16ಕ್ಕೇ ಅಂಗೀಕರಿಸಿತ್ತು. ಜನಸಾಗರ ಬಂದದ್ದು ಮತ ಬಿದ್ದ ನಾಲ್ಕು ದಿನದ ಮೇಲೆ. ಬಂದು ಹೋದ ಎರಡೇ ದಿನಕ್ಕೆ, 22ರಂದು, ರೆಡ್ ಫ್ಲ್ಯಾಗ್ ಮಸೂದೆಯೂ 21ಕ್ಕೆ 19ರಲ್ಲಿ ಪಾಸಾಯಿತು. ಒಬ್ಬನೇ ಒಬ್ಬ ಡೆಮಾಕ್ರಟ್ ಕದಲಲಿಲ್ಲ.

ಸಮಿತಿಯ ವಿಚಾರಣೆಯೊಂದಕ್ಕೂ ಆಮೇಲೆ ಹೋಗಿದ್ದೆ. ಕೆಳಮನೆಯ ಸಾರ್ವಜನಿಕ ಸುರಕ್ಷತೆಯ ಸಮಿತಿ. ಹಿಂದಿನ ವರ್ಷಗಳಲ್ಲಿ ರಿಪಬ್ಲಿಕನ್ ಬಹುಮತ ಇದ್ದಾಗ ನಿಯಂತ್ರಣದ ಮಸೂದೆಗಳು ಸದನದ ಮುಖವನ್ನೇ ನೋಡುತ್ತಿರಲಿಲ್ಲವಂತೆ. ಬೆಳಗಿನ ಜಾವದ ಉಪಸಮಿತಿಯಲ್ಲಿ ಬೆರಳೆಣಿಕೆಯ ಸದಸ್ಯರು ಕೂತು ಒಂದರ ಹಿಂದೆ ಒಂದನ್ನು ಮುಗಿಸುತ್ತಿದ್ದರು. ಈಗ ತಕ್ಕಡಿ ಮಗುಚಿತ್ತು. ಸಾರ್ವಜನಿಕರು ಮೈಕಿನ ಮುಂದೆ ಸಾಲಾಗಿ ನಿಂತು ಹೆಸರು, ಊರು ಹೇಳಿ ಒಂದೆರಡು ನಿಮಿಷ ಮಾತಾಡಬಹುದು. ಗಂಟೆ ಬಾರಿಸಿದರೆ ಮುಗಿಯಿತು. ನಿಯಂತ್ರಣದ ಪರವಾದ ಮಾಮ್ಸ್ ಡಿಮ್ಯಾಂಡ್ ಆ್ಯಕ್ಷನ್ ಸಂಘಟನೆಯ ಕೆಂಪು ಟೀಶರ್ಟಿನ ತಾಯಂದಿರು ಒಂದು ಕಡೆ, ಕಿತ್ತಳೆ ಸ್ಟಿಕ್ಕರಿನವರು ಇನ್ನೊಂದು ಕಡೆ. ಆ ವಲಯದಲ್ಲಿ ಎಲ್ಲರೂ ಬಲ್ಲ ಹೆಸರು ಲೋರಿ ಹಾಸ್. 2007ರಲ್ಲಿ ವರ್ಜೀನಿಯಾ ಟೆಕ್‌ನಲ್ಲಿ ಅವರ ಮಗಳಿಗೆ ಗುಂಡು ತಗುಲಿತ್ತು, ಬದುಕಿಕೊಂಡಳು. ಅಲ್ಲಿಂದ ಈ ತಾಯಿ ರಿಚ್ಮಂಡ್‌ನ ಕಾರಿಡಾರ್ ಬಿಟ್ಟವರಲ್ಲ. ಅಧಿವೇಶನದ ಮೇಲೆ ಅಧಿವೇಶನ ಪೂರ್ವಾಪರ ತಪಾಸಣೆಯ ಮಸೂದೆ ಬಿದ್ದುಹೋಗುವುದನ್ನು ನೋಡಿದವರು. 2020ರ ಏಪ್ರಿಲ್ 10ರಂದು ನಾರ್ತಮ್ ಅದಕ್ಕೆ ಸಹಿ ಹಾಕಿದಾಗ ಹದಿಮೂರು ವರ್ಷ ಆಗಿತ್ತು. 22,000 ಜನರ ಒಂದು ದಿನಕ್ಕಿಂತ ಆ ಹದಿಮೂರು ವರ್ಷ ಹೆಚ್ಚು ತೂಗಿತೆಂದೇ ನಾನು ಅಂದುಕೊಂಡಿದ್ದೇನೆ. ಕೈ ಕೂಡಿಸಿ ಗೆಲ್ಲಿಸಿದ್ದು ನವೆಂಬರಿನ ಮತಪೆಟ್ಟಿಗೆ ಎಂಬುದನ್ನು ಮರೆಯದೆ ಈ ಮಾತು ಹೇಳುತ್ತಿದ್ದೇನೆ.

ಆ ಚುನಾವಣೆಯಲ್ಲಿ ಮೆಕ್ಯಾನಿಕ್‌ರ ಪೌಹಟನ್ ಸೇರಿದ ಕ್ಷೇತ್ರದಿಂದ ಸೆನೆಟ್‌ಗೆ ಗೆದ್ದವರು ಗಜಾಲಾ ಹಾಶ್ಮಿ. ಹುಟ್ಟಿದ್ದು ಹೈದರಾಬಾದಿನಲ್ಲಿ. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರು. ಆ ಸೆನೆಟ್‌ನ ಮೊದಲ ಮುಸ್ಲಿಂ ಸದಸ್ಯೆ. ಬಂದೂಕು ನಿಯಂತ್ರಣದ ಪರ. "ನಿಮ್ಮ ಕಡೆಯವರು" ಎಂದು ಮೆಕ್ಯಾನಿಕ್ ನನ್ನನ್ನು ಛೇಡಿಸುತ್ತಿದ್ದರು. ಅದೇ ವರ್ಷ ಕೆಳಮನೆಗೆ ಬಂದ ಸುಹಾಸ್ ಸುಬ್ರಹ್ಮಣ್ಯಂ ಅವರ ಮನೆತನಕ್ಕೆ ಬೆಂಗಳೂರಿನ ನಂಟಿದೆ, ಅವರನ್ನು ಬೇಕಾದರೆ ನಮ್ಮ ಕಡೆಯವರೆನ್ನಿ ಎಂದು ನಾನು ತಿದ್ದಿದೆ. ಮುಂದೆ ಅವರು ಅಮೆರಿಕದ ಸಂಸತ್ತಿಗೇ ಹೋದರು.

ಕೆಳಮನೆ ಇನ್ನೊಂದು ಅಸಾಲ್ಟ್ ವೆಪನ್ ಮಸೂದೆಯನ್ನು, ಎಚ್‌ಬಿ 961ನ್ನು, ಫೆಬ್ರುವರಿ 11ರಂದು 51ಕ್ಕೆ 48ರಲ್ಲಿ ದಾಟಿಸಿ ಸೆನೆಟ್‌ಗೆ ಕಳಿಸಿತು. 17ರ ಸೋಮವಾರ ಅದು ನ್ಯಾಯಾಂಗ ಸಮಿತಿಗೆ ಬಂತು. ಮೆಕ್ಯಾನಿಕ್ ಕೆಲಸಕ್ಕೆ ರಜೆ ಹಾಕಿ ಅಲ್ಲಿದ್ದರು. ನಾನು ಅಕ್ಕನ ಮಗನ ಲ್ಯಾಪ್‌ಟಾಪಿನಲ್ಲಿ ನೋಡುತ್ತಿದ್ದೆ. ಹದಿನೈದು ಜನರ ಸಮಿತಿ. ಕ್ರೀ ಡೀಡ್ಸ್, ಜಾನ್ ಎಡ್ವರ್ಡ್ಸ್, ಚಾಪ್ ಪೀಟರ್ಸನ್, ಸ್ಕಾಟ್ ಸುರೊವೆಲ್, ಈ ನಾಲ್ವರು ಡೆಮಾಕ್ರಟರು ರಿಪಬ್ಲಿಕನ್ನರ ಜೊತೆ ಸೇರಿ 10ಕ್ಕೆ 5ರಲ್ಲಿ ಮಸೂದೆಯನ್ನು ಮುಂದಿನ ವರ್ಷಕ್ಕೆ ದೂಡಿದರು, ಅಧ್ಯಯನವಾಗಲಿ ಎಂದು. ಕೋಣೆಯಲ್ಲಿ ಚಪ್ಪಾಳೆ ಬಿತ್ತು. ಪಕ್ಕದಲ್ಲಿ ಕೂತಿದ್ದ ಹುಡುಗ ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋದ.

ರಾತ್ರಿ ಫೋನ್ ಮಾಡಿದ ಮೆಕ್ಯಾನಿಕ್‌ಗೆ ಕೇಳಿದೆ: ಇದು ಲಾಬಿ ಡೇ ಮಾಡಿದ ಕೆಲಸವೇ? ಅಲ್ಲ ಅಂದರು. ಡಿಸೆಂಬರಿನಲ್ಲಿ ಈ ಸೆನೆಟರ್‌ಗಳ ಊರಲ್ಲೇ ನಡೆದ ಕೌಂಟಿ ಸಭೆಗಳದ್ದು ಎಂದು ಅವರ ನಂಬಿಕೆ. ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ನಾಲ್ವರಲ್ಲಿ ಡೀಡ್ಸ್ ಹಳ್ಳಿಗಾಡಿನವರು ನಿಜ, ಆದರೆ ಪೀಟರ್ಸನ್, ಸುರೊವೆಲ್ ಇಬ್ಬರೂ ವಾಷಿಂಗ್ಟನ್ ಪಕ್ಕದ ಉಪನಗರಗಳವರು. ಯಾವ ರೈಫಲ್ಲನ್ನು ಅಸಾಲ್ಟ್ ವೆಪನ್ ಎನ್ನಬೇಕು ಎಂಬ ವ್ಯಾಖ್ಯೆಯೇ ಮಸೂದೆಯಲ್ಲಿ ತೊಡಕಾಗಿತ್ತು. ಅಂಥ ತೊಡಕನ್ನು ಸಾಲು ಸಾಲಾಗಿ ತೋರಿಸಿಕೊಟ್ಟವರು ಯಾರು ಎಂದು ಕೇಳಿದರೆ, ಆಗ ಮತ್ತೆ ಆ ರಿಜಿಸ್ಟರ್ ಹಿಡಿದ ಹುಡುಗರ ಕೋಣೆಗಳಿಗೇ ಹೋಗಬೇಕಾಗುತ್ತದೆ.

ಈ ಮತವನ್ನು ಬಂದೂಕು ನಿಯಂತ್ರಣದ ಪರದವರೂ ಬರೆದಿಟ್ಟುಕೊಂಡಿದ್ದರು. 2023ರ ಜೂನ್‌ನಲ್ಲಿ ನಡೆದ ಡೆಮಾಕ್ರಟ್ ಪಕ್ಷದೊಳಗಿನ ಚುನಾವಣೆಯಲ್ಲಿ ಪೀಟರ್ಸನ್ ಸೋತರು. ಸೋಲಿಸಿದವರು ಬಾಂಗ್ಲಾದೇಶದಲ್ಲಿ ಹುಟ್ಟಿದ ಸದ್ದಾಂ ಸಲೀಂ ಎಂಬ ಯುವಕ. ಪೀಟರ್ಸನ್ ಅವರ ಬಂದೂಕಿನ ಮತಗಳೇ ಪ್ರಚಾರದ ಮುಖ್ಯ ಅಸ್ತ್ರಗಳಲ್ಲಿ ಒಂದಾಗಿದ್ದವು. ಡೀಡ್ಸ್‌ಗೂ ಅದೇ ಪ್ರಶ್ನೆ ಎದುರಾಯಿತು, ಅವರು ಪಾರಾದರು. 2024ರಲ್ಲಿ ಅಸಾಲ್ಟ್ ವೆಪನ್ ಮಸೂದೆ ಎರಡೂ ಸದನ ದಾಟಿತು. ಆದರೆ ಅಷ್ಟರಲ್ಲಿ ಗವರ್ನರ್ ಆಗಿದ್ದವರು ರಿಪಬ್ಲಿಕನ್ ಪಕ್ಷದ ಗ್ಲೆನ್ ಯಂಗ್‌ಕಿನ್. ಮಾರ್ಚ್ 26ರಂದು ಒಂದೇ ದಿನ ಬಂದೂಕಿನ 30 ಮಸೂದೆಗಳಿಗೆ ವೀಟೋ ಹಾಕಿದರು. ಆ ರಾಜ್ಯದಲ್ಲಿ ಗವರ್ನರ್ ಸತತ ಎರಡನೇ ಸಲ ನಿಲ್ಲುವಂತಿಲ್ಲ. 2025ರ ನವೆಂಬರಿನಲ್ಲಿ ಡೆಮಾಕ್ರಟ್ ಪಕ್ಷದ ಅಬಿಗೇಲ್ ಸ್ಪ್ಯಾನ್‌ಬರ್ಗರ್ ಗವರ್ನರ್ ಆಗಿ, ಗಜಾಲಾ ಹಾಶ್ಮಿ ಲೆಫ್ಟಿನೆಂಟ್ ಗವರ್ನರ್ ಆಗಿ ಗೆದ್ದರು. ಕೆಳಮನೆಯಲ್ಲಿ ಅವರ ಪಕ್ಷಕ್ಕೆ 64 ಸ್ಥಾನ.

ಫಲಿತಾಂಶದ ಮರುವಾರ ಮೆಕ್ಯಾನಿಕ್‌ಗೆ ಫೋನ್ ಹಚ್ಚಿದೆ. ಕುಗ್ಗಿರಬಹುದು ಅಂದುಕೊಂಡಿದ್ದೆ. ಹೊಸದಾಗಿ ಗೆದ್ದವರ ಪಟ್ಟಿ ಮುಂದಿಟ್ಟುಕೊಂಡು ಕೂತಿದ್ದರು. ಯಾರು ಎಷ್ಟು ಕಡಿಮೆ ಅಂತರದಲ್ಲಿ ಗೆದ್ದಿದ್ದಾರೆ, ಅವರ ಕ್ಷೇತ್ರದಲ್ಲಿ ಸಂಘದ ಸದಸ್ಯರು ಯಾರಿದ್ದಾರೆ ಎಂದು ನೋಡುತ್ತಿದ್ದೇನೆ ಅಂದರು. ಎರಡು ಹೆಸರಿಗೆ ಆಗಲೇ ಸುತ್ತು ಹಾಕಿದ್ದರಂತೆ.